ಮಳೆಗಾಲಕ್ಕೆ ದನ ಕಟ್ಟುವ ಮುನ್ನ: ಮಲೆನಾಡಿನ ಕೊಟ್ಟಿಗೆಗೊಂದು ಮಾರ್ಗದರ್ಶಿ

ಮಲೆನಾಡಿನಲ್ಲಿ ದನಗಳ ವರ್ಷ ಎರಡು ಭಾಗವಾಗಿರುತ್ತದೆ. ಸುಗ್ಗಿ ಮುಗಿದು ಗದ್ದೆ ಬಯಲಾದ ಮೇಲೆ, ಜನವರಿಯಿಂದ ಮೇ ಕೊನೆಯವರೆಗೆ, ಅವು ಕೂಳೆ ಗದ್ದೆಯಲ್ಲಿ, ಬ್ಯಾಣವೆಂಬ ಹುಲ್ಲುಗಾವಲಿನಲ್ಲಿ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ತಮ್ಮಷ್ಟಕ್ಕೆ ಮೇಯುತ್ತವೆ. ಸಂಜೆ ದಾರಿ ತಪ್ಪದೆ ಮನೆಗೆ ಬರುತ್ತವೆ. ಜೂನ್ ಎರಡನೆಯ ವಾರದ ಮೃಗಶಿರೆ ಮಳೆ ಹಿಡಿದು ಸಸಿಮಡಿಗೆ ಬೀಜ ಬಿತ್ತಿದ ದಿನದಿಂದ ಈ ಸ್ವಾತಂತ್ರ್ಯ ಮುಗಿಯುತ್ತದೆ. ಬಿಟ್ಟ ದನ ನೆರೆಯವರ ಸಸಿಗೆ ಬಾಯಿ ಹಾಕಿದರೆ ಜಗಳವಾಗುತ್ತದೆ, ಬಿಡದಿದ್ದರೆ ಐದು ತಿಂಗಳು ಅವುಗಳ ಹೊಟ್ಟೆ, ಗೊರಸು, ಉಸಿರು ಎಲ್ಲದರ ಹೊಣೆಯೂ ನಮ್ಮದೇ ಆಗುತ್ತದೆ. ಬಹಳ ಮನೆಗಳಲ್ಲಿ ದನ ಕಟ್ಟುವ ಕೆಲಸ ಒಂದೇ ದಿನದಲ್ಲಿ, ಮಳೆಯಲ್ಲಿ ನೆನೆಯುತ್ತ, ಹುಡುಕಿ ತಂದ ಹಳೆಯ ಕಣ್ಣಿಯಿಂದ ಮುಗಿದುಹೋಗುತ್ತದೆ. ಹಾಗೆ ಕಟ್ಟಿದ ದನಗಳಲ್ಲಿಯೇ ಜೂನ್ ಕೊನೆಯ ಹೊತ್ತಿಗೆ ಹೊಟ್ಟೆಯುಬ್ಬರ, ಭೇದಿ, ಕೆಚ್ಚಲು ಬಾವು ಹೆಚ್ಚಾಗಿ ಕಾಣಿಸಿಕೊಳ್ಳುವುದನ್ನು ನಾನು ನಮ್ಮ ಮನೆಯಲ್ಲಿಯೂ ಅಕ್ಕಪಕ್ಕದಲ್ಲಿಯೂ ನೋಡಿದ್ದೇನೆ. ಆದುದರಿಂದ ಈ ಕೆಲಸವನ್ನು ಮೇ ತಿಂಗಳ ಮೊದಲ ವಾರದಿಂದಲೇ ಆರಂಭಿಸಿ, ಐದಾರು ವಾರಗಳಲ್ಲಿ ಹಂತ ಹಂತವಾಗಿ ಮುಗಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೆರಡು ಮಲೆನಾಡು ಗಿಡ್ಡ (ಇಲ್ಲಿನ ಸಣ್ಣ ಗಾತ್ರದ ನಾಟಿ ತಳಿ), ಒಂದೆರಡು ಮಿಶ್ರತಳಿ ಹಸುಗಳಿರುವ ಅಡಿಕೆ ಬೆಳೆಗಾರರ ಸಾಮಾನ್ಯ ಕೊಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲು ಹುಲ್ಲಿನ ಲೆಕ್ಕ

ಭರಣಿ ಮಳೆಯ ದಿನಗಳಲ್ಲಿ, ಅಂದರೆ ಮೇ ಆರಂಭದಲ್ಲಿ, ಮಾಡಬೇಕಾದ ಮೊದಲ ಕೆಲಸ ಗೊಣಬೆಯ, ಅಂದರೆ ಒಣಹುಲ್ಲಿನ ಬಣವೆಯ, ಮುಂದೆ ನಿಂತು ಲೆಕ್ಕ ಹಾಕುವುದು. ದನವೊಂದಕ್ಕೆ ದಿನಕ್ಕೆ ಬೇಕಾಗುವ ಒಣ ಅಂಶ ಅದರ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು. ಸುಮಾರು 120 ಕಿಲೋ ತೂಗುವ ಗಿಡ್ಡ ಹಸುವಿಗೆ ಇದು ಮೂರು ಮೂರೂವರೆ ಕಿಲೋ ಆದರೆ, 350 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಒಂಬತ್ತರಿಂದ ಹತ್ತು ಕಿಲೋ ಆಗುತ್ತದೆ. ಇದರಲ್ಲಿ ಹಸಿಹುಲ್ಲು, ಹಿಂಡಿ, ಬೂಸಾಗಳಿಂದ ಸಿಗುವ ಪಾಲನ್ನು ಕಳೆದರೆ ಗಿಡ್ಡಕ್ಕೆ ದಿನಕ್ಕೆ 2 ಕಿಲೋ, ಮಿಶ್ರತಳಿಗೆ 5 ಕಿಲೋ ಬಿಳಿಹುಲ್ಲು, ಅಂದರೆ ಭತ್ತದ ಒಣಹುಲ್ಲು, ಇಟ್ಟುಕೊಳ್ಳುವುದು ಸುರಕ್ಷಿತ. ಜೂನ್ ಎರಡನೆಯ ವಾರದಿಂದ ನವೆಂಬರ್ ನಡುವಿನವರೆಗೆ 160 ದಿನಗಳೆಂದು ಹಿಡಿದರೆ, ಎರಡು ಗಿಡ್ಡಕ್ಕೆ 640 ಕಿಲೋ, ಒಂದು ಮಿಶ್ರತಳಿಗೆ 800 ಕಿಲೋ, ಒಟ್ಟು 1,440 ಕಿಲೋ. ಬೂಸಲು ಹಿಡಿದು, ತುಳಿದು ಹಾಳಾಗುವ ಪಾಲನ್ನೂ ಸೇರಿಸಿದರೆ 1,600 ಕಿಲೋ ಮನೆಯಲ್ಲಿರಬೇಕು.

ಹೊರೆಗಳ ಎಣಿಕೆಯನ್ನು ನಂಬಬೇಡಿ. ಒಬ್ಬರು ಕಟ್ಟಿದ ಹೊರೆ ನಾಲ್ಕು ಕಿಲೋ ತೂಗಿದರೆ ಇನ್ನೊಬ್ಬರದು ಏಳು ಕಿಲೋ ತೂಗುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಬೇರೆ ಬೇರೆ ಕಡೆಯ ಹತ್ತು ಹೊರೆಗಳನ್ನು ತೂಗಿ ಸರಾಸರಿ ತೆಗೆದರೆ ಸತ್ಯ ಗೊತ್ತಾಗುತ್ತದೆ. ಕೊರತೆ ಕಂಡರೆ ಮೇ ತಿಂಗಳಲ್ಲಿಯೇ ಕೊಂಡುಬಿಡಬೇಕು. ಮಳೆ ಹಿಡಿದ ಮೇಲೆ ಬೆಲೆಯೂ ಏರುತ್ತದೆ, ಲಾರಿಯಲ್ಲಿ ಬರುವ ಹುಲ್ಲೂ ಒದ್ದೆಯಾಗಿ ಬರುತ್ತದೆ.

ಬಿಳಿಹುಲ್ಲಿನಲ್ಲಿ ಸಸಾರಜನಕ ಬಹಳ ಕಡಿಮೆ, ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಬಿಸಿಲು ಇರುವಾಗಲೇ ಇದರ ಒಂದು ಭಾಗಕ್ಕೆ ಯೂರಿಯಾ ಉಪಚಾರ ಮಾಡಿಟ್ಟುಕೊಂಡರೆ ಜುಲೈ ಕೊನೆಯ ಪುಷ್ಯ ಮಳೆಯ ದಿನಗಳಲ್ಲಿ ಉಪಕಾರವಾಗುತ್ತದೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪತ್ರಿಯಿಂದ ಮುಚ್ಚಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಒಂದು ಗಂಟೆ ಹರಡಿ, ಕಟುವಾಸನೆ ಹೋದ ಮೇಲೆ ಹಾಕಬೇಕು. ಮೊದಲ ವಾರ ಸ್ವಲ್ಪ ಸ್ವಲ್ಪವೇ ರೂಢಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ಕರಗಿಸಿದ ಬಕೆಟ್ಟನ್ನು ದನದ ಬಾಯಿಗೆ ಸಿಗುವಲ್ಲಿ ಇಡುವುದಂತೂ ಪ್ರಾಣಾಪಾಯದ ಕೆಲಸ. ಕರಗಿದ ಯೂರಿಯಾ ನೇರವಾಗಿ ಹೊಟ್ಟೆಗೆ ಹೋದರೆ ಗಂಟೆಯೊಳಗೆ ದನ ಸಾಯಬಹುದು.

ಕೃತ್ತಿಕೆಯಲ್ಲಿ ಕೊಟ್ಟಿಗೆಯ ಕೆಲಸ

ದನಗಳು ಹಗಲೆಲ್ಲ ಹೊರಗಿರುವ ಮೇ 11ರಿಂದ 25ರವರೆಗಿನ ಕೃತ್ತಿಕೆ ಮಳೆಯ ಅವಧಿಯೇ ಕೊಟ್ಟಿಗೆಯ ರಿಪೇರಿಗೆ ತಕ್ಕ ಕಾಲ. ಇಲ್ಲಿ ನನ್ನ ಒಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಳೆಗಾಲದ ಕೊಟ್ಟಿಗೆಯಲ್ಲಿ ದನಕ್ಕೆ ಚಳಿಯಿಂದ ತೊಂದರೆಯಾಗುವುದು ಅಪರೂಪ, ತೊಂದರೆಯಾಗುವುದು ಒದ್ದೆಯಿಂದ ಮತ್ತು ಹಳಸಿದ ಗಾಳಿಯಿಂದ. ಒಣಗಿದ ಜಾಗದಲ್ಲಿ ಹೊಟ್ಟೆ ತುಂಬಿ ನಿಂತ ದನಕ್ಕೆ ನಮ್ಮ ಜುಲೈ ತಿಂಗಳ ಚಳಿ ಒಂದು ಲೆಕ್ಕವೇ ಅಲ್ಲ. ನಾವಾದರೋ ನಮಗಾಗುವ ಚಳಿಯನ್ನು ದನಕ್ಕೂ ಆರೋಪಿಸಿ ಸುತ್ತಲೂ ಗೋಣಿಚೀಲ, ಪ್ಲಾಸ್ಟಿಕ್ ಕಟ್ಟಿ ಮುಚ್ಚಿಬಿಡುತ್ತೇವೆ. ನಾನೂ ಒಂದು ವರ್ಷ ಹಾಗೆ ಮುಚ್ಚಿ, ಎರಡು ಕರುಗಳಿಗೆ ಕೆಮ್ಮು ಬರಿಸಿ, ಆಗಸ್ಟ್‌ನಲ್ಲಿ ಎಲ್ಲವನ್ನೂ ಕಿತ್ತುಹಾಕಿದವನೇ. ತಡೆಯಬೇಕಾದದ್ದು ಎರಚಲನ್ನು, ಗಾಳಿ ಓಡಾಡುತ್ತಲೇ ಇರಬೇಕು. ಎರಚಲು ಬೀಳುವ ಪಡುವಣ ಮತ್ತು ನೈಋತ್ಯ ಬದಿಗೆ ಅಡಿಕೆ ಸೋಗೆಯ ತಟ್ಟಿಯನ್ನು ದನದ ಬೆನ್ನಿನ ಎತ್ತರದವರೆಗೆ ಕಟ್ಟಿ, ಅದರ ಮೇಲೆ ಮಾಡಿನವರೆಗೆ ತೆರೆದು ಬಿಟ್ಟು, ಸೂರನ್ನು ಎರಡು ಅಡಿ ಹೊರಕ್ಕೆ ಚಾಚಿದರೆ ಸಾಕು. ಬಿಸಿಯಾದ ಗಾಳಿ ಮೇಲೇರಿ ಹೊರಹೋಗಲು ಮಾಡಿನ ನೆತ್ತಿಯಲ್ಲಿ ಒಂದು ಸಂದು ಬೇಕು; ತಗಡಿನ ಮಾಡಾದರೆ ಇದನ್ನು ಮರೆಯಲೇಬಾರದು, ಏಕೆಂದರೆ ದನದ ಉಸಿರಿನ ಹಬೆ ತಗಡಿನ ಕೆಳಮೈಯಲ್ಲಿ ನೀರಾಗಿ ಮರಳಿ ದನದ ಮೇಲೆಯೇ ತೊಟ್ಟಿಕ್ಕುತ್ತದೆ.

ಗಾಳಿ ಸಾಕೋ ಸಾಲದೋ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಬೆಳಗಿನ ಐದು ಗಂಟೆಗೆ, ಸಗಣಿ ಬಾಚುವ ಮೊದಲು, ಕೊಟ್ಟಿಗೆಯೊಳಗೆ ಹೋಗಿ ದನದ ಮುಖದ ಎತ್ತರಕ್ಕೆ ಕುಳಿತುಕೊಳ್ಳಿ. ಎರಡು ನಿಮಿಷದಲ್ಲಿ ಕಣ್ಣು ಉರಿಯತೊಡಗಿದರೆ ಗಂಜಲದ ಅಮೋನಿಯಾ ಅಲ್ಲಿ ತುಂಬಿಕೊಂಡಿದೆ ಎಂದರ್ಥ. ರಾತ್ರಿಯಿಡೀ ಮಲಗಿದ ಕರು ಉಸಿರಾಡಿದ್ದು ಅದನ್ನೇ.

ನೆಲದ ವಿಷಯದಲ್ಲಿ ಮುಖ್ಯವಾದದ್ದು ಇಳಿಜಾರು. ಮಿಶ್ರತಳಿ ಹಸು ನಿಲ್ಲಲು ಐದರಿಂದ ಐದೂವರೆ ಅಡಿ ಉದ್ದ, ಮೂರೂವರೆಯಿಂದ ನಾಲ್ಕು ಅಡಿ ಅಗಲ ಬೇಕು; ಗಿಡ್ಡಕ್ಕೆ ಇದಕ್ಕಿಂತ ಕಡಿಮೆ ಸಾಕು, ಸಗಣಿ ಚರಂಡಿಯಲ್ಲಿಯೇ ಬೀಳುವಷ್ಟು ಉದ್ದವಿದ್ದರೆ ಒಳ್ಳೆಯದು. ಈ ಐದು ಅಡಿಗೆ ಹಿಂಭಾಗದ ಚರಂಡಿಯ ಕಡೆಗೆ ಒಂದರಿಂದ ಒಂದೂವರೆ ಇಂಚು ಇಳಿಜಾರಿದ್ದರೆ ಗಂಜಲ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಗಬ್ಬದ ಹಸುವಿನ ಹಿಂಗಾಲಿನ ಮೇಲೆ ಭಾರ ಬೀಳುತ್ತದೆ. ಒಂದು ಕೊಡ ನೀರು ಸುರಿದು, ಎಲ್ಲಿ ನಿಲ್ಲುತ್ತದೆ ನೋಡಿ, ಆ ಗುಂಡಿಗಳನ್ನು ಮಾತ್ರ ಮುಚ್ಚಿದರೆ ಅರ್ಧ ದಿನದ ಕೆಲಸ. ನುಣುಪಾದ ಸಿಮೆಂಟು ನೆಲ ಜಾರುತ್ತದೆ. ಹೊಸದಾಗಿ ಹಾಕಿಸುವುದಾದರೆ ಹಸಿಯಿರುವಾಗಲೇ ಗೆರೆ ಕೊರೆಸಬೇಕು.

ಚರಂಡಿಯ ನೀರು ಗೊಬ್ಬರಗುಂಡಿಗೆ ಅಥವಾ ಗಂಜಲದ ತೊಟ್ಟಿಗೆ ಸೇರಬೇಕು, ಬಾವಿಯ ಕಡೆಗೆ ಹೋಗಬಾರದು. ಮಾಡಿನ ನೀರು ಮತ್ತು ಗಂಜಲ ಒಂದೇ ಕಾಲುವೆಯಲ್ಲಿ ಸೇರಿದರೆ ಗುಂಡಿ ತುಂಬಿ ಸಾರವೆಲ್ಲ ಹಳ್ಳಕ್ಕೆ ಹರಿಯುತ್ತದೆ. ಎರಡಕ್ಕೂ ಬೇರೆ ಬೇರೆ ದಾರಿ ಮಾಡುವುದು ಹಾರೆಯ ಕೆಲಸವಷ್ಟೆ. ಗೋಡೆಯ ಬಿರುಕುಗಳಲ್ಲಿ ಉಣುಗುಗಳು ಮೊಟ್ಟೆಯಿಡುತ್ತವೆಯಾದ್ದರಿಂದ ಅವುಗಳನ್ನು ಮಣ್ಣಿನಿಂದಲೋ ಗಾರೆಯಿಂದಲೋ ಮುಚ್ಚಿ, ಸುಣ್ಣ ಬಳಿಯಬೇಕು. ಕೊಟ್ಟಿಗೆಗೆ ವಿದ್ಯುತ್ ಇದ್ದರೆ ತಂತಿಗಳನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಸೋರುವ ವಿದ್ಯುತ್ತನ್ನು ಕೂಡಲೇ ಕಡಿಯುವ ಸ್ವಿಚ್ ಹಾಕಿಸಬೇಕು. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ, ಕೊರಳಿಗೆ ಕಬ್ಬಿಣದ ಸರಪಳಿ ಹಾಕಿಸಿಕೊಂಡು ನಿಂತ ಹಸುವಿಗೆ, ನಮಗೆ ಬರೀ ಜುಮ್ಮೆನಿಸುವಷ್ಟು ವಿದ್ಯುತ್ತೂ ಮಾರಕವಾಗಬಹುದು. ಚಿರತೆಯ ಓಡಾಟವಿರುವ ಊರುಗಳಲ್ಲಿ ಕರುಗಳ ಗೂಡಿಗೆ ಗಟ್ಟಿ ಬಾಗಿಲು ಬೇಕೆಂಬುದನ್ನು ಅಲ್ಲಿನವರಿಗೆ ಹೇಳಬೇಕಾಗಿಲ್ಲ.

ಲಸಿಕೆ, ಜಂತಿನ ಔಷಧಿ, ಉಣುಗು

ಗಳಲೆ ರೋಗ ಮತ್ತು ಚಪ್ಪೆ ರೋಗ ಇವೆರಡೂ ಮಳೆಯ ಆರಂಭದ ಕಾಯಿಲೆಗಳು. ಗಳಲೆಯಲ್ಲಿ ಜ್ವರ ಏರಿ, ಗಂಟಲು ಬಾತು, ಉಸಿರು ಗೊರಗೊರ ಎನ್ನುತ್ತ ಒಂದೆರಡು ದಿನದಲ್ಲಿಯೇ ದನ ಸಾಯುತ್ತದೆ. ಚಪ್ಪೆಯಲ್ಲಿ ಪುಷ್ಟವಾಗಿ ಬೆಳೆಯುತ್ತಿರುವ ಎಳೆಯ ದನದ ತೊಡೆ ಅಥವಾ ಭುಜ ಬಾತು, ಒತ್ತಿದರೆ ಚರಚರ ಸದ್ದಾಗುತ್ತದೆ. ಎರಡರಲ್ಲಿಯೂ ಕಾಯಿಲೆ ಕಂಡ ಮೇಲೆ ಚಿಕಿತ್ಸೆಗೆ ಸಿಗುವ ಸಮಯ ಬಹಳ ಕಡಿಮೆ. ಲಸಿಕೆ ಹಾಕಿಸಿದ ಕೂಡಲೇ ರಕ್ಷಣೆ ಸಿಗುವುದಿಲ್ಲ, ಎರಡು ಮೂರು ವಾರ ಬೇಕು. ಆದ್ದರಿಂದ ಮೇ ನಡುವಿನೊಳಗೆ ಹಾಕಿಸಿರಬೇಕು. ಕಾಲುಬಾಯಿ ರೋಗದ ಲಸಿಕೆ ವರ್ಷಕ್ಕೆ ಎರಡು ಬಾರಿ, ಚರ್ಮಗಂಟು ರೋಗದ್ದು ವರ್ಷಕ್ಕೊಮ್ಮೆ. ಕೊನೆಯ ಬಾರಿ ಯಾವಾಗ ಆಯಿತೆಂದು ನೋಡಿ, ಪಶು ಆಸ್ಪತ್ರೆಯವರೊಂದಿಗೆ ಮಾತಾಡಿ ಕ್ರಮ ನಿಶ್ಚಯಿಸಿಕೊಳ್ಳಿ. ನೆರೆಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ವೈದ್ಯರಿಗೂ ಅನುಕೂಲ, ತೆರೆದ ಸೀಸೆಯ ಲಸಿಕೆಯೂ ವ್ಯರ್ಥವಾಗುವುದಿಲ್ಲ.

ಜಂತಿನ ಔಷಧಿ ಕೊಡುವ ಮೊದಲು ಸಗಣಿಯನ್ನು ಪರೀಕ್ಷಿಸಿಕೊಂಡರೆ ಹಣವೂ ಉಳಿಯುತ್ತದೆ, ಸರಿಯಾದ ಔಷಧಿಯೂ ಸಿಗುತ್ತದೆ. ಗದ್ದೆಯ ಅಂಚಿನಲ್ಲಿ, ಕೆರೆಯಂಚಿನಲ್ಲಿ ಮೇದ ದನಗಳಿಗೆ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಚಪ್ಪಟೆ ಹುಳು ಹಿಡಿದಿರುವುದು ಸಾಮಾನ್ಯ. ಗದ್ದದ ಕೆಳಗೆ ಮೆತ್ತನೆಯ ನೀರುಬಾವು ಕಂಡರೆ ಇದನ್ನು ಶಂಕಿಸಬೇಕು. ದುಂಡು ಹುಳುಗಳಿಗೆ ಕೊಡುವ ಎಲ್ಲ ಔಷಧಿಗಳೂ ಇದಕ್ಕೆ ತಾಗುವುದಿಲ್ಲ. ಗಬ್ಬದ ಮೊದಲ ತಿಂಗಳುಗಳಲ್ಲಿ ಕೆಲವು ಔಷಧಿಗಳನ್ನು ಕೊಡಬಾರದು, ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕರೆಯುವ ಹಸುವಿಗೆ ಬಳಸುವಂತಿಲ್ಲ. ಇವನ್ನೆಲ್ಲ ಅಂಗಡಿಯವರನ್ನು ಕೇಳದೆ ವೈದ್ಯರನ್ನೇ ಕೇಳಬೇಕು.

ಉಣುಗಿನ ವಿಷಯ ನಮ್ಮ ಸೀಮೆಯಲ್ಲಿ ಬರೀ ದನದ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಜನರಿಗೆ ಕಾಯಿಲೆ ತಗಲುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಎಳೆಯ ಉಣುಗುಗಳಿಂದ. ದನಕ್ಕೆ ಇದರಿಂದ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂತತಿಯನ್ನು ಬೆಳೆಸುವುದು ಕಾಡಿನಲ್ಲಿ ಮೇಯುವ ದನವೇ, ಅದೂ ಮಳೆಗಾಲದಲ್ಲಿ. ಜೊತೆಗೆ ಮಿಶ್ರತಳಿಗಳಿಗೆ ಮಾರಕವಾಗುವ ಥೈಲೇರಿಯಾ ಜ್ವರವೂ ಉಣುಗಿನಿಂದಲೇ ಬರುತ್ತದೆ. ಆದ್ದರಿಂದ ಕೊಟ್ಟಿಗೆಗೆ ಕಟ್ಟುವ ವಾರ ಪ್ರತಿ ದನದ ಕಿವಿಯೊಳಗೆ, ಕೊರಳ ಮಡಿಕೆಯಲ್ಲಿ, ಕೆಚ್ಚಲಿನ ಸುತ್ತ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಬೇಕು. ಸಿಕ್ಕಿದ ಉಣುಗನ್ನು ಉಗುರಿನಿಂದ ಹಿಸುಕುವ ಅಭ್ಯಾಸ ನಮ್ಮ ಹಿರಿಯರಿಂದ ಬಂದದ್ದಾದರೂ ಬಿಡಲೇಬೇಕಾದದ್ದು. ಕೈಗವಸು ಹಾಕಿ, ಚಿಮಟದಿಂದ ಕಿತ್ತು, ಸಾಬೂನು ನೀರಿನಲ್ಲಿಯೋ ಬೆಂಕಿಯಲ್ಲಿಯೋ ಹಾಕಬೇಕು. ವೈದ್ಯರು ಹೇಳಿದ ಸಿಂಪಡಣೆಯ ಔಷಧಿಯನ್ನು ಚೀಟಿಯಲ್ಲಿರುವ ಪ್ರಮಾಣದಲ್ಲಿಯೇ ಬೆರೆಸಿ, ಮೈ ನೆನೆಯುವಂತೆ, ಆದರೆ ಕಣ್ಣು ಬಾಯಿಗೆ ತಾಗದಂತೆ ಸಿಂಪಡಿಸಿ, ಒಣಗುವವರೆಗೆ ದನ ಮೈ ನೆಕ್ಕದಂತೆ ಕಾಯಬೇಕು. ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಅದೇ ಚೀಟಿಯಲ್ಲಿ ನೋಡಿ.

ಮೂರು ವಾರಗಳಲ್ಲಿ ಮೇವು ಬದಲಿಸುವುದು

ಎಲ್ಲ ಕೆಲಸಗಳಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ದನದ ಮೊದಲ ಹೊಟ್ಟೆಯಲ್ಲಿ ಮೇವನ್ನು ಅರಗಿಸುವುದು ಕೋಟ್ಯಂತರ ಸೂಕ್ಷ್ಮಜೀವಿಗಳು. ಒಣಗಿದ ಕೂಳೆ, ಕರಡ, ಒಣ ಎಲೆಗಳನ್ನು ನಾಲ್ಕು ತಿಂಗಳು ತಿಂದ ದನದಲ್ಲಿ ನಾರನ್ನು ಅರಗಿಸುವ ಜೀವಿಗಳು ಹೆಚ್ಚಿರುತ್ತವೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಇದ್ದಕ್ಕಿದ್ದಂತೆ ಹೊಟ್ಟೆ ತುಂಬ ಹಾಕಿದರೆ ಅದನ್ನು ಅರಗಿಸಬಲ್ಲ ಜೀವಿಗಳ ಸಂಖ್ಯೆ ಸಾಲದೆ, ಹುಳಿ ಹೆಚ್ಚಿ, ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಈ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡರಿಂದ ಮೂರು ವಾರ ಬೇಕು. ರೋಹಿಣಿ ಮಳೆ ಆರಂಭವಾಗುವ ಮೇ 25ರ ಸುಮಾರಿಗೆ ಶುರುಮಾಡಿದರೆ ಮೃಗಶಿರೆಯ ನಡುವಿಗೆ ಮುಗಿಯುತ್ತದೆ.

ಮೊದಲ ವಾರ ದನಗಳನ್ನು ಎಂದಿನಂತೆ ಬೆಳಿಗ್ಗೆ ಬಿಡಿ, ಆದರೆ ಬಿಡುವ ಮೊದಲು ಒಂದಷ್ಟು ಬಿಳಿಹುಲ್ಲು ತಿನ್ನಿಸಿ ಬಿಡಿ, ಮಧ್ಯಾಹ್ನಕ್ಕೆ ಹೊಡೆದುಕೊಂಡು ಬನ್ನಿ. ಖಾಲಿ ಹೊಟ್ಟೆಯ ದನ ಎಳೆಹುಲ್ಲಿನ ಮೇಲೆ ಬಿದ್ದು ತಿನ್ನುತ್ತದೆ. ಅರ್ಧ ತುಂಬಿದ ಹೊಟ್ಟೆಯದು ಆರಿಸಿ ತಿನ್ನುತ್ತದೆ. ಎರಡನೆಯ ವಾರ ಹೊರಗಿರುವ ಅವಧಿಯನ್ನು ಎರಡು ಮೂರು ಗಂಟೆಗೆ ಇಳಿಸಿ, ಕೊಟ್ಟಿಗೆಯಲ್ಲಿ ಸಂಜೆ ಬಿಳಿಹುಲ್ಲಿನ ಜೊತೆ ಕೊಯ್ದ ಹಸಿಹುಲ್ಲನ್ನು ಬೆರೆಸಿ ಕೊಡಿ. ಮೂರನೆಯ ವಾರ ಪೂರ್ತಿ ಕಟ್ಟಬಹುದು. ಹಿಂಡಿಯನ್ನು ಹೆಚ್ಚಿಸುವುದಿದ್ದರೂ ಇದೇ ರೀತಿ, ಎರಡು ಮೂರು ದಿನಕ್ಕೆ ಕಾಲು ಕಿಲೋದಂತೆ ಏರಿಸಬೇಕು. ಕರೆಯುವ ಹಸುವಿಗೆ ಶರೀರ ಪೋಷಣೆಗೆಂದು ಒಂದರಿಂದ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬುದು ಮಿಶ್ರತಳಿಗಳಿಗೆ ಹೇಳುವ ಸಾಮಾನ್ಯ ಲೆಕ್ಕ. ಒಂದೆರಡು ಲೀಟರ್ ಕೊಡುವ ಗಿಡ್ಡಕ್ಕೆ ಈ ಲೆಕ್ಕ ಹಾಕಬೇಡಿ; ಅಕ್ಕಿ ತೊಳೆದ ಅಕ್ಕಚ್ಚಿಗೆ ಒಂದಿಷ್ಟು ತೌಡು, ಹಿಂಡಿ ಬೆರೆಸಿದರೆ ಅದು ತೃಪ್ತಿಯಿಂದ ಕರೆಯುತ್ತದೆ.

ಮಳೆಗಾಲದ ಹಸಿಹುಲ್ಲಿನ ಬಗ್ಗೆ ಒಂದು ಭ್ರಮೆಯಿದೆ. ದೊಡ್ಡ ಹೊರೆ ತಿಂದು ಹೊಟ್ಟೆ ದುಂಡಗಾದ ಹಸುವನ್ನು ನೋಡಿ ನಮಗೆ ಸಮಾಧಾನವಾಗುತ್ತದೆ, ಆದರೆ ಜುಲೈ ತಿಂಗಳ ಎಳೆಹುಲ್ಲಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನೀರು. 20 ಕಿಲೋ ತಿಂದರೆ ಒಣ ಅಂಶವಾಗಿ ಸಿಗುವುದು ನಾಲ್ಕು ಕಿಲೋದೊಳಗೆ. ಹಸು ಹಸಿದೇ ಇರುತ್ತದೆ, ಸಗಣಿ ನೀರಾಗುತ್ತದೆ, ಹಾಲಿನ ಜಿಡ್ಡು ಇಳಿದು ಡೇರಿಯಲ್ಲಿ ದರ ಕಡಿಮೆಯಾಗುತ್ತದೆ. ಹುಲ್ಲನ್ನು ಹಿಂದಿನ ದಿನವೇ ಕೊಯ್ದು ಮಾಡಿನ ಕೆಳಗೆ ಹರಡಿ ಬಾಡಿಸಿ, ಮೊದಲು ಬಿಳಿಹುಲ್ಲು ಹಾಕಿ ಆಮೇಲೆ ಹಸಿಯದನ್ನು ಹಾಕಿದರೆ ಈ ಮೂರೂ ತೊಂದರೆ ಕಡಿಮೆಯಾಗುತ್ತವೆ. ರಾಶಿ ಹಾಕಿ ಬಿಟ್ಟು ಬಿಸಿಯೇರಿದ ಹುಲ್ಲನ್ನು ಹಾಕಬಾರದು.

ಅಡಿಕೆ ತೋಟವಿರುವವರು ಇನ್ನೊಂದು ಎಚ್ಚರ ವಹಿಸಬೇಕು. ಕೊಳೆ ರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಜೂನಿನಲ್ಲಿ, ಮತ್ತೆ 40–45 ದಿನಕ್ಕೆ ಎರಡನೆಯ ಬಾರಿ. ಗೊನೆಯಿಂದ ತೊಟ್ಟಿಕ್ಕಿದ ದ್ರಾವಣ ಮರದ ಬುಡದ ಹುಲ್ಲಿನ ಮೇಲೆ ನೀಲಿಯಾಗಿ ಕುಳಿತಿರುತ್ತದೆ. ಆ ತಾಮ್ರ ಮೈಯಲ್ಲಿ ಸೇರುತ್ತ ಹೋದರೆ ಯಕೃತ್ತಿಗೆ ಕೆಟ್ಟದ್ದು, ಕರುಗಳಿಗಂತೂ ಹೆಚ್ಚು. ಹೊಡೆಯುವ ಮೊದಲೇ ಆ ಭಾಗದ ಹುಲ್ಲನ್ನು ಕೊಯ್ದುಕೊಳ್ಳಿ, ಹೊಡೆದ ಮೇಲೆ ನಾಲ್ಕಾರು ಜೋರು ಮಳೆ ಬಿದ್ದು ತೊಳೆದು, ಹೊಸ ಹುಲ್ಲು ಬರುವವರೆಗೆ ಅಲ್ಲಿಂದ ತರಬೇಡಿ. ಬೇಲಿಯ ಚದುರಂಗಿ (ಲಂಟಾನ), ರಬ್ಬರ್ ಎಲೆ, ಮರಗೆಣಸಿನ ಹಸಿ ಎಲೆಗಳು ಹೊರೆಯಲ್ಲಿ ಸೇರದಂತೆ ಕೊಯ್ಯುವವರಿಗೆ ತಿಳಿಸಿ. ಬೆಟ್ಟದಲ್ಲಿ ಆರಿಸಿ ತಿನ್ನುವ ದನ ಕಟ್ಟಿಹಾಕಿದಾಗ ಹಾಕಿದ್ದನ್ನೆಲ್ಲ ತಿನ್ನುತ್ತದೆ.

ಇಷ್ಟಾಗಿಯೂ ಹೊಟ್ಟೆಯುಬ್ಬರ ಬಂದರೆ ಗುರುತು ಎಡಬದಿಯಲ್ಲಿ, ಪಕ್ಕೆಲುಬಿನ ಹಿಂದಿನ ಗುಳಿ ತುಂಬಿ ಡೋಲಿನಂತಾಗುವುದು. ಕೂಡಲೇ ಮೇವನ್ನು ತೆಗೆದು, ದನವನ್ನು ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಕೋಲೊಂದನ್ನು ಕಟ್ಟಿದರೆ ಅದು ಅಗಿಯುತ್ತ ಜೊಲ್ಲು ಸುರಿಸಿ ತೇಗುತ್ತದೆ. ಮಲಗಲು ಬಿಡಬಾರದು. ತಲೆಯನ್ನು ಮೇಲೆತ್ತಿ ಬಲವಂತದಿಂದ ಎಣ್ಣೆ ಕುಡಿಸುವಾಗ ಅದು ಶ್ವಾಸಕೋಶಕ್ಕೆ ಇಳಿದು ಸತ್ತ ದನಗಳಿವೆ. ರೂಢಿಯಿಲ್ಲದವರು ಅದಕ್ಕೆ ಕೈಹಾಕದೆ ವೈದ್ಯರನ್ನು ಕರೆಯುವುದೇ ಲೇಸು. ಪಶು ಚಿಕಿತ್ಸೆಯ ಸಂಚಾರಿ ವಾಹನಕ್ಕೆ 1962ಕ್ಕೆ ಕರೆಮಾಡಬಹುದು. ನಮ್ಮಂಥ ಒಂಟಿಮನೆಗಳಿಗೆ ಮಳೆಯಲ್ಲಿ ವಾಹನ ಬರುವಷ್ಟರಲ್ಲಿ ಸಮಯವಾಗುವುದರಿಂದ ಹತ್ತಿರದ ವೈದ್ಯರ ಸಂಖ್ಯೆಯನ್ನೂ ಕೊಟ್ಟಿಗೆಯ ಕಂಬದ ಮೇಲೆ ಬರೆದಿಡಿ.

ಯಾರ ಪಕ್ಕದಲ್ಲಿ ಯಾರು

ಬಯಲಿನಲ್ಲಿ ಬಲಿಷ್ಠ ಹಸು ಹಾಯಲು ಬಂದರೆ ಉಳಿದವು ಸರಿದು ಹೋಗುತ್ತವೆ. ಕೊಟ್ಟಿಗೆಯಲ್ಲಿ ಸರಿಯಲು ಜಾಗವಿಲ್ಲ. ಆದುದರಿಂದ ಹೊರಗೆ ಒಟ್ಟಿಗೆ ಮೇಯುವ ಜೋಡಿಗಳನ್ನು ಗಮನಿಸಿ ಅವನ್ನೇ ಅಕ್ಕಪಕ್ಕ ಕಟ್ಟಬೇಕು. ಹಾಯುವ ಹಸುವನ್ನು ಸಾಲಿನ ತುದಿಗೆ, ಅದರ ಪಕ್ಕದಲ್ಲಿ ಕೋಡಿನ ಜೋರಿರುವ ಇನ್ನೊಂದನ್ನೇ ಕಟ್ಟಿದರೆ ಎರಡು ದಿನದಲ್ಲಿ ಒಪ್ಪಂದವಾಗುತ್ತದೆ. ಮೊದಲ ಬಾರಿಗೆ ಕಟ್ಟಿಸಿಕೊಳ್ಳುವ ಕಡಸುಗಳನ್ನು ರೋಹಿಣಿ ಮಳೆಯಲ್ಲಿಯೇ ದಿನಕ್ಕೆ ಒಂದೆರಡು ಗಂಟೆ, ತಿನ್ನುವ ಹೊತ್ತಿನಲ್ಲಿ ಕಟ್ಟಿ ರೂಢಿಸಿ. ಕಣ್ಣಿ ಎಷ್ಟು ಉದ್ದವಿರಬೇಕೆಂದರೆ ದನ ಮಲಗಿ ತನ್ನ ಪಕ್ಕೆಯನ್ನು ನೆಕ್ಕಲು ಸಾಧ್ಯವಾಗಬೇಕು, ಮುಂಗಾಲು ಸಿಕ್ಕಿಕೊಳ್ಳಬಾರದು. ಹಳೆಯ ಕಣ್ಣಿಯ ಗಂಟನ್ನು ಕೈಯಿಂದ ಎಳೆದು ನೋಡಿ, ನೈಲಾನ್ ಹಗ್ಗ ಕೊರಳು ಕೊಯ್ಯುತ್ತಿದ್ದರೆ ಬಟ್ಟೆ ಸುತ್ತಿ.

ಹಾಸು

ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಅದು ಸಗಣಿ ಗಂಜಲದೊಂದಿಗೆ ತುಳಿದು ಗೊಬ್ಬರವಾಗುವ ಪದ್ಧತಿ ನಮ್ಮ ಅಡಿಕೆ ತೋಟಗಳ ಆಧಾರ. ಉತ್ತರ ಕನ್ನಡದಲ್ಲಿ ಮುಂಬಯಿ ಪ್ರಾಂತ್ಯದ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದು ಈ ಕಾರಣಕ್ಕೇ. ಆದರೆ ಗೊಬ್ಬರಕ್ಕೆ ಒಳ್ಳೆಯದಾದ ಒದ್ದೆ ಹಾಸು ಗೊರಸಿಗೂ ಕೆಚ್ಚಲಿಗೂ ಒಳ್ಳೆಯದಲ್ಲ. ನನ್ನ ಕ್ರಮ ಎರಡರ ನಡುವಿನದು: ಬೇಸಿಗೆಯಲ್ಲಿ ಗುಡಿಸಿ ಒಣಗಿಸಿಟ್ಟ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಮೇಲ್ಪದರವಾಗಿ ದಿನವೂ ಹರಡುವುದು, ಸೊಪ್ಪನ್ನು ಕಡಸುಗಳ, ಎತ್ತುಗಳ ಕಡೆ ಹಾಕುವುದು, ಕರೆಯುವ ಹಸುಗಳ ಜಾಗದಲ್ಲಿ ದರಕು ಅಥವಾ ಒಣಹುಲ್ಲು ಮಾತ್ರ. ಹಾಸಿನ ಮೇಲೆ ಮಂಡಿಯೂರಿ ಅರ್ಧ ನಿಮಿಷ ಕುಳಿತಾಗ ಬಟ್ಟೆ ಒದ್ದೆಯಾದರೆ ಅದು ಬದಲಿಸಬೇಕಾದ ಹಾಸು. ಆದ್ದರಿಂದ ಮೇ ತಿಂಗಳಲ್ಲಿ ದರಕಿನ ಮೂಟೆಗಳನ್ನು ಅಟ್ಟಕ್ಕೇರಿಸುವುದೂ ಹುಲ್ಲಿನ ಲೆಕ್ಕದಷ್ಟೇ ಮುಖ್ಯ.

ಆರ್ದ್ರೆಯಿಂದ ಆಶ್ಲೇಷದವರೆಗೆ

ದನ ಕಟ್ಟಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ದಿನದ ಕೆಲಸಗಳು ಎಲ್ಲರಿಗೂ ಗೊತ್ತಿರುವವೇ. ತಪ್ಪಿಹೋಗುವ ಕೆಲವನ್ನಷ್ಟೇ ಹೇಳುತ್ತೇನೆ. ಕರೆದ ಕೂಡಲೇ ಮೊಲೆಯ ತುದಿಯ ರಂಧ್ರ ಮುಚ್ಚಿಕೊಳ್ಳುವುದಿಲ್ಲ, ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಹಸು ಒದ್ದೆ ನೆಲದಲ್ಲಿ ಮಲಗಿದರೆ ಕೆಚ್ಚಲು ಬಾವಿಗೆ ದಾರಿ ತೆರೆದಂತೆ. ಕರೆದು ಎದ್ದ ಕೂಡಲೇ ಗೋದಲಿಗೆ ಹುಲ್ಲು ಹಾಕಿದರೆ ಅದು ನಿಂತೇ ಇರುತ್ತದೆ. ಮೊದಲ ನಾಲ್ಕು ಹಿಂಡುಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ, ಹಾಲಿನಲ್ಲಿ ಗಂಟು ಕಂಡರೆ ಆ ಹಸುವನ್ನು ಕೊನೆಗೆ ಕರೆಯಿರಿ.

ನೀರು ಸುತ್ತಲೂ ಸುರಿಯುತ್ತಿರುವಾಗ ಬಾನಿಗೆ ನೀರು ತುಂಬುವುದು ಮರೆತುಹೋಗುತ್ತದೆ. ಹಸಿಹುಲ್ಲು ತಿನ್ನುವ ದನ ಕಡಿಮೆ ಕುಡಿದರೂ ಬಿಳಿಹುಲ್ಲು ತಿನ್ನುವುದು ಹೆಚ್ಚು ಕುಡಿಯುತ್ತದೆ. ದಿನಕ್ಕೆರಡು ಬಾರಿ ಶುದ್ಧ ನೀರು ಎದುರಿಗಿರಬೇಕು. ಮಿಶ್ರತಳಿ ಹಸುವಿಗೆ ದಿನಕ್ಕೆ 50 ಗ್ರಾಂ ಲವಣ ಮಿಶ್ರಣ, 30 ಗ್ರಾಂ ಉಪ್ಪು ಕೊಡಬೇಕು. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಸೇರಗೊಡುವುದಿಲ್ಲವಾದ್ದರಿಂದ ಐದು ತಿಂಗಳು ಅದನ್ನೇ ನಂಬಿದ ಹಸುವಿಗೆ ಇದು ಆಡಂಬರದ ಖರ್ಚಲ್ಲ. ಬೂಸಲು ಬಂದ ಹುಲ್ಲನ್ನು, ಮುಗ್ಗಿದ ಶೇಂಗಾ ಹಿಂಡಿಯನ್ನು ಕೊಡುವ ಬದಲು ಗೊಬ್ಬರಗುಂಡಿಗೆ ಹಾಕಿ. ಹಿಂಡಿಯ ಶಿಲೀಂಧ್ರದ ವಿಷ ಹಾಲಿನಲ್ಲಿ ನಮಗೇ ಮರಳಿ ಬರುತ್ತದೆ.

ವಾರಕ್ಕೊಮ್ಮೆ ಗೊರಸಿನ ಸೀಳನ್ನು ತೊಳೆದು ನೋಡಿ. ಕೊಳೆತ ವಾಸನೆ, ಬಿರುಕು ಕಂಡರೆ ತೋಟಕ್ಕೆಂದು ತಂದಿಟ್ಟ ಮೈಲುತುತ್ತವೇ ಉಪಯೋಗಕ್ಕೆ ಬರುತ್ತದೆ: 10 ಲೀಟರ್ ನೀರಿಗೆ 500 ಗ್ರಾಂ ಕರಗಿಸಿದ ದ್ರಾವಣದಲ್ಲಿ ತೊಳೆದ ಗೊರಸನ್ನು ಕೆಲವು ನಿಮಿಷ ಅದ್ದಿಸಬೇಕು. ಬಕೆಟ್ಟನ್ನು ದನ ಕುಡಿಯದಂತೆ ಕೂಡಲೇ ತೆಗೆದಿಡಿ, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ. ಸಂಜೆ ಲಕ್ಕಿ ಸೊಪ್ಪಿನ ಹೊಗೆ ನೊಣ, ಸೊಳ್ಳೆಗಳಿಗೆ ಒಳ್ಳೆಯದೇ. ಹದಿನೈದು ನಿಮಿಷದ ತೆಳುವಾದ ಹೊಗೆಯಾದರೆ ಸಾಕು, ಕರುಗಳ ಗೂಡಿನಲ್ಲಿ ಬೇಡ.

ಕಟ್ಟಿದ ಹಸುವಿನಲ್ಲಿ ಬೆದೆ ಗುರುತಿಸುವುದು ಕಷ್ಟ, ಏಕೆಂದರೆ ಬಯಲಿನಲ್ಲಿ ಒಂದರ ಮೇಲೊಂದು ಏರುವುದನ್ನು ಇಲ್ಲಿ ನೋಡಲಾಗದು. ನಸುಕಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ ಬಾಲದಡಿಯ ಲೋಳೆ, ಕೂಗು, ಹಾಲಿನ ಇಳಿತ ಗಮನಿಸಿ, ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿ. ಮಳೆ ಹೊಳವಾದ ದಿನ ಅಂಗಳದಲ್ಲಿಯೋ ಗಟ್ಟಿ ನೆಲದ ಬ್ಯಾಣದಲ್ಲಿಯೋ ಒಂದೆರಡು ಗಂಟೆ ಅಡ್ಡಾಡಲು ಬಿಟ್ಟರೆ ಬೆದೆಯೂ ತಿಳಿಯುತ್ತದೆ, ಕೀಲುಗಳೂ ಸಡಿಲವಾಗುತ್ತವೆ. ಗುಡುಗು ಕೇಳಿದರೆ ಮಾತ್ರ ಮರದಡಿ ಕಟ್ಟಿದ್ದನ್ನು ಬಿಚ್ಚಿ ಒಳಗೆ ತನ್ನಿ. ಮರಳಿ ಬಂದ ದನದ ಮೂಗಿನೊಳಗೆ, ಕಾಲಿನ ಸಂದಿನಲ್ಲಿ ಜಿಗಣೆ ಹಿಡಿದಿದೆಯೇ ನೋಡಿ, ಉಪ್ಪುನೀರು ಹಾಕಿ ಬಿಡಿಸಿ.

ದೀಪಾವಳಿಯ ಗೋಪೂಜೆಯ ದಿನ ದನಗಳನ್ನು ತೊಳೆದು, ಹಾರ ಹಾಕಿ ಬೆಟ್ಟಕ್ಕೆ ಬಿಡುವ ಮನೆಗಳು ಇನ್ನೂ ಇವೆ. ಆ ದಿನವೂ ಮೂರು ವಾರದ ಲೆಕ್ಕ ತಿರುಗುಮುರುಗಾಗಿ ಅನ್ವಯಿಸುತ್ತದೆ: ಹೋಳಿಗೆ, ಅನ್ನ, ಬಾಳೆಹಣ್ಣಿನ ನೈವೇದ್ಯವನ್ನು ಹಿಡಿಯಷ್ಟಕ್ಕೆ ನಿಲ್ಲಿಸಿ, ಅರ್ಧ ಹೊಟ್ಟೆ ಬಿಳಿಹುಲ್ಲು ತಿನ್ನಿಸಿ, ಮಧ್ಯಾಹ್ನದೊಳಗೆ ಕರೆತಂದು ಕಟ್ಟಬೇಕು.